ಸರಪಳಿಗೆ ಒಗ್ಗದ ನಾಯಿ, ಅದಕ್ಕೆ ಹೆಸರು ತಂದ ಮುಧೋಳದ ಅರಸ

ಹೂವಿನ ಹಿಪ್ಪರಗಿಯಿಂದ ಬಾಗೇವಾಡಿಗೆ ಹೊರಡುವ ಮುಂಜಾನೆ ಬಸ್ಸಿನಲ್ಲಿ ಕಿಡಕಿ ಪಕ್ಕ ಕುಂತು ಬರುವವರಿಗೆ ಈ ನೋಟ ಹೊಸದಲ್ಲ. ಜೋಳ ಕೊಯ್ದು ಬರಿದಾದ ಎರಿ ಹೊಲದಾಗ ಉದ್ದ ಮೂತಿಯ, ಹೊಟ್ಟೆ ಬೆನ್ನಿಗೆ ಹತ್ತಿದ, ಪಕ್ಕೆಲುಬು ಎಣಿಸಬಹುದಾದ ನಾಯಿಯೊಂದು ಬದು ಹಾರಿ ಹೊರಟಿರುತ್ತದೆ. ಎಲ್ಲಿ ಹೋಯಿತು ಅಂತ ಕುತ್ತಿಗೆ ಹೊರಳಿಸುವುದರೊಳಗೆ ಅದು ದೂರದ ಚುಕ್ಕಿ. ಗೊತ್ತಿಲ್ಲದವರು, ಪಾಪ, ಯಾರೋ ಕೂಳು ಹಾಕದೆ ಸಾಯಿಸಾಕತ್ತಾರ ಅಂದುಕೊಳ್ಳುತ್ತಾರೆ. ಗೊತ್ತಿದ್ದವರಿಗೆ ಅದು ಬ್ಯಾಟಿ ನಾಯಿ, ಮುಧೋಳ ನಾಯಿ. ಹೊಟ್ಟೆ ತುಂಬ ಉಂಡರೂ ಅದರ ಮೈ ಅಷ್ಟ.

ಅದೇ ಜಾತಿಯ ನಾಯಿ ಹಗಲು ಹೊತ್ತಿನಲ್ಲಿ ಸಂತಿ ಊರುಗಳ ಅಂಗಡಿ ಮುಂದೆ, ಶಟರಿನ ಕೊಂಡಿಗೆ ಬಿಗಿದ ಎರಡು ಮೊಳದ ಸರಪಳಿಯಲ್ಲಿ ಕಾಣಸಿಗುತ್ತದೆ. ಗಿರಾಕಿ ಬಂದರೆ ಎದ್ದು ನಿಲ್ಲುವುದು, ಆಡು ಹೋದರೆ ಜಗ್ಗುವುದು, ಬೆಕ್ಕು ಕಂಡರೆ ಶಟರ್ ಸಮೇತ ಕಿತ್ತುಕೊಂಡು ಹೋಗುವ ಹಾಗೆ ಹಾರುವುದು. ಮಾಲಕನಿಗೆ ಹೆಮ್ಮೆಯೂ ಐತಿ, ತಲೆನೋವೂ ಐತಿ. ಅಂಗಡಿ ಕಾಯಲಿ ಅಂತ ತಂದದ್ದು ಗೋಣಿಚೀಲ ಹರಿಯಿತು, ಚಪ್ಪಲಿ ಕಡಿಯಿತು, ಬಾಜು ಮನೆಯ ಕೋಳಿಗೆ ದಂಡ ಕಟ್ಟಿಸಿತು. ಇಂಥ ನಾಯಿಯ ಜೋಡಿ ಒಂದೇ ಮನೆಯಾಗ ಬಾಳುವೆ ಮಾಡುವುದು ಹ್ಯಾಂಗ? ಈ ಫಜೀತಿಯ ಮೂಲ ಹುಡುಕಬೇಕಾದರೆ ಕೊಲ್ಹಾರದ ಹತ್ತಿರ ಕೃಷ್ಣೆ ದಾಟಿ ಮುಧೋಳಕ್ಕೆ, ಅದೂ ನೂರು ವರ್ಷ ಹಿಂದಿನ ಮುಧೋಳಕ್ಕೆ ಹೋಗಬೇಕು.

ಮುಧೋಳ ಈಗ ಬಾಗಲಕೋಟೆ ಜಿಲ್ಲೆಯ ಊರು. 1997ರಲ್ಲಿ ಜಿಲ್ಲೆ ಒಡೆಯುವ ತನಕ ಅದೂ ಹಿಪ್ಪರಗಿ, ಬಾಗೇವಾಡಿಗಳ ಹಾಗೆ ವಿಜಾಪುರ ಜಿಲ್ಲೆಗೇ ಸೇರಿತ್ತು. ಅದಕ್ಕೂ ಹಿಂದೆ, 1948ರ ತನಕ, ಅದು ಸ್ವಂತ ಅರಸನಿದ್ದ ಸಂಸ್ಥಾನ. ಬಾಗೇವಾಡಿ ಸೀಮೆಯ ರೈತ ಇಂಗ್ಲಿಷರ ಮುಂಬಯಿ ಸರಕಾರಕ್ಕೆ ಪಟ್ಟಿ ಕಟ್ಟುತ್ತಿದ್ದರೆ, ಮುಧೋಳದ ರೈತ ಘೋರ್ಪಡೆ ಅರಸರಿಗೆ ಕಟ್ಟುತ್ತಿದ್ದ. ಘಟಪ್ರಭೆಯ ದಂಡಿಯ ಈ ಸಂಸ್ಥಾನ 368 ಚದರ ಮೈಲಿ ಅಗಲ. 1901ರ ಖಾನೇಶುಮಾರಿಯಲ್ಲಿ ಸಿಕ್ಕ ಮಂದಿ 63,001. ದೊಡ್ಡ ರಾಜ್ಯವೇನಲ್ಲ. ಆದರೆ ಮನೆತನ ಮಾತ್ರ ಭಾರೀ ಹಳೇದು.

ಘೋರ್ಪಡೆ ಅಂದರೆ ಉಡ. ಮೊದಲಿನವರು ಬಹಮನಿ ಸುಲ್ತಾನರ ಕಾಲಕ್ಕೆ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಗೋಡೆ ಹತ್ತಿದರು, ಅದಕ್ಕೇ ಆ ಹೆಸರು ಬಂತು ಅಂತ ಮನೆತನದ ಕಥೆ. ಮುಂದೆ ಆದಿಲಶಾಹಿ ಬಂದಾಗ ಇವರು ವಿಜಾಪುರ ದರಬಾರಿನ ಸರದಾರರು. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಹಿಡಿದು ಆದಿಲಶಾಹಿ ಕೈಗೆ ಒಪ್ಪಿಸಿದ್ದರಲ್ಲಿ ಮುಧೋಳದ ಬಾಜಿ ಘೋರ್ಪಡೆಯದೇ ಮುಖ್ಯ ಕೈ. 1664ರಲ್ಲಿ ಶಿವಾಜಿ ಅದರ ಲೆಕ್ಕ ಚುಕ್ತಾ ಮಾಡಿದ, ಬಾಜಿ ಜೀವ ಕಳಕೊಂಡ. ಉಡದಿಂದ ಹೆಸರು ಪಡೆದ ಮನೆತನಕ್ಕೆ ಕಡೆಗೆ ಲೋಕದಾಗ ಹೆಸರು ತಂದದ್ದು ನಾಯಿ. ಇದು ಯಾವ ಫರ್ಮಾನಿನಲ್ಲೂ ಬರೆದದ್ದಲ್ಲ.

ಈ ಮನೆತನದಲ್ಲಿ 1884ರಲ್ಲಿ ಹುಟ್ಟಿದವರು ಮಾಲೋಜಿರಾವ ಘೋರ್ಪಡೆ. ತಂದೆ ವೆಂಕಟರಾವ ಅರಸರು. 1900ರಲ್ಲಿ ಗಾದಿ ಬಂದಾಗ ಮಾಲೋಜಿರಾವಗೆ ಹದಿನಾರೇ ವರ್ಷ. ಈಗಿನ ಲೆಕ್ಕದಲ್ಲಿ ಮ್ಯಾಟ್ರಿಕ್ ಪರೀಕ್ಷೆಗೆ ಕೂಡುವ ಹುಡುಗ. ಮುಂದೆ ಇಂಗ್ಲಿಷ್ ಸರಕಾರ ಸರ್ ಅಂತ ಬಿರುದು ಕೊಟ್ಟಿತು. ಕಾಗದಪತ್ರದಲ್ಲಿ ಅವರ ಹೆಸರು ಒಂದು ಸಾಲು ತುಂಬುತ್ತಿತ್ತು.

ಆ ಕಾಲದ ಸಂಸ್ಥಾನಿಕರಿಗೆ ಶಿಕಾರಿ ಎಂದರೆ ಊಟದಷ್ಟೇ ಸಹಜ. ಯಾವ ಅರಮನೆಗೆ ಹೋದರೂ ಗೋಡೆಗೆ ಕೋಡು, ನೆಲಕ್ಕೆ ಚರ್ಮ. ಬಹಳ ಮಂದಿ ಅರಸರು ವಿಲಾಯತಿ ನಾಯಿಗಳ ಹಿಂದೆ ಬಿದ್ದಿದ್ದರು. ಹಡಗಿನಲ್ಲಿ ನಾಯಿ ಬರುವುದು, ಜೋಡಿಗೆ ಅದರ ಔಷಧಿಯೂ ಬರುವುದು, ಬೇಸಿಗೆ ಬಂದೊಡನೆ ನಾಯಿ ನಾಲಿಗೆ ಚಾಚಿ ಮಲಗುವುದು. ಮಾಲೋಜಿರಾವರ ಕಣ್ಣು ಬಿದ್ದದ್ದು ತಮ್ಮದೇ ಸೀಮೆಯ ಬೇಡರ ಓಣಿಯ ನಾಯಿಯ ಮೇಲೆ. ಇದು ಅವರ ಜೀವನದ ದೊಡ್ಡ ಮಾತು. ಎಲ್ಲರೂ ಹೇಳುವುದೂ ಇದನ್ನೇ. ಆದರೆ ಹೇಳುವಾಗ ಅರ್ಧ ಕತೆ ಬಿಟ್ಟು ಹೇಳುತ್ತಾರೆ.

ಬಿಟ್ಟ ಅರ್ಧ ಬೇಡರದು. 1857ರಲ್ಲಿ ಇಂಗ್ಲಿಷರು ಜನರ ಕೈಯ ಹತಾರ ಕಸಿದುಕೊಳ್ಳುವ ಕಾಯ್ದೆ ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ಬೇಡನ ಕೈಯಿಂದ ಹತಾರ ತೆಗೆದರೆ ಒಕ್ಕಲಿಗನ ಕೈಯಿಂದ ಕುಂಟಿ ಕೂರಿಗೆ ತೆಗೆದ ಹಾಗೆ. ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಬೇಡರನ್ನು ಗಲ್ಲಿಗೇರಿಸಿದರು. ಜಡಗ, ಬಾಲರ ಹೆಸರು ಲಾವಣಿ ಹಾಡುವವರ ಬಾಯಲ್ಲಿ ಉಳಿಯಿತು. ಮಾಲೋಜಿರಾವ ಹುಟ್ಟುವುದಕ್ಕೆ ಇಪ್ಪತ್ತೇಳು ವರ್ಷ ಮೊದಲಿನ ಮಾತಿದು. ಹತಾರ ಹೋಯಿತು, ಆದರೆ ಓಡುವ ನಾಯಿಯನ್ನು ಯಾವ ಕಾಯ್ದೆಯೂ ಹತಾರದ ಪಟ್ಟಿಗೆ ಸೇರಿಸಲಿಲ್ಲ. ಮೊಲ ಹಿಡಿದು ತರಲು ಕೋವಿ ಬೇಕಿಲ್ಲ, ಒಂದು ಜೋಡಿ ಬ್ಯಾಟಿ ನಾಯಿ ಇದ್ದರೆ ಸಾಕು. ಬಡವರ ಮನೆಯಲ್ಲಿ ಆ ನಾಯಿಗೆ ಬೆಲೆ ಬಂದದ್ದಕ್ಕೆ ಇದೂ ಒಂದು ಕಾರಣ ಅಂದರೆ ತಪ್ಪಾಗಲಿಕ್ಕಿಲ್ಲ.

ಬೇಡರ ಮನೆಯಲ್ಲಿ, ಕುರುಬರ ಹಟ್ಟಿಯಲ್ಲಿ ಈ ನಾಯಿ ಹೊರಗಿನ ಪ್ರಾಣಿ ಆಗಿರಲಿಲ್ಲ. ಮೈಮೇಲೆ ಕೂದಲು ಕಡಿಮಿ, ಚರ್ಮದ ಕೆಳಗೆ ಕೊಬ್ಬು ಇಲ್ಲವೇ ಇಲ್ಲ. ಚಳಿಗಾಲದಾಗ ಗಡಗಡ ನಡುಗುತ್ತದೆ. ಅದಕ್ಕೇ ಅದು ಒಳಗೆ, ಮಕ್ಕಳ ಜೋಡಿ, ಕೌದಿಯ ಮೂಲೆಯಲ್ಲಿ ಮಲಗುವ ನಾಯಿ. ಜೋಳದ ನುಚ್ಚು, ರೊಟ್ಟಿ, ಮಜ್ಜಿಗಿ, ಇದ್ದರೆ ಹಾಲು, ಹಬ್ಬಕ್ಕೆ ತತ್ತಿ. ಬ್ಯಾಟಿ ಸಿಕ್ಕ ದಿನ ಅದಕ್ಕೂ ಒಂದು ಪಾಲು. ಉಳಿದ ದಿನ ಮನೆ ಮಂದಿ ಹೊಲಕ್ಕೆ ಹೊರಟರೆ ಅದೂ ಹೊರಟಿತು, ಮನೆಗೆ ಬಂದರೆ ಅದೂ ಬಂತು. ಸರಪಳಿ ಅನ್ನುವುದು ಆ ಬದುಕಿನಲ್ಲಿ ಇರಲೇ ಇಲ್ಲ. ಸರಪಳಿಗೆ ದುಡ್ಡಾದರೂ ಎಲ್ಲಿತ್ತು ಅನ್ನಿ.

ಇಂಥ ಮನೆಗಳಿಂದ ಚಲೋ ನಾಯಿ ಆರಿಸಿ, ಅರಮನೆಯಲ್ಲಿ ಸಾಕಿಸಿ, ಗಂಡು ಹೆಣ್ಣು ನೋಡಿ ಜೋಡಿ ಮಾಡಿಸಿ ಮಾಲೋಜಿರಾವ ತಳಿ ಬೆಳೆಸಿದರು. ಹೊರಗಿನ ಕಂತ್ರಿ ನಾಯಿ ಬೆರೆಯದ ಹಾಗೆ ನೋಡಿಕೊಳ್ಳುವುದು, ಓಟದಲ್ಲಿ ಗೆದ್ದದ್ದರ ಮರಿ ಉಳಿಸಿಕೊಳ್ಳುವುದು, ಸೋತದ್ದರ ಸಂತಾನ ಮುಂದುವರಿಸದೆ ಇರುವುದು. ಹೋರಿ ಕಟ್ಟುವ ಒಕ್ಕಲಿಗನಿಗೆ ಇದೇನು ಹೊಸ ವಿದ್ಯೆಯಲ್ಲ. ಅರಸನ ಹತ್ತಿರ ಹೆಚ್ಚಿಗೆ ಇದ್ದದ್ದು ಬಯಲು, ಆಳು, ಮತ್ತು ಹತ್ತು ತಲೆಮಾರಿನ ನಾಯಿಯ ತನಕ ಕಾಯುವ ಹಣದ ತಾಳ್ಮೆ.

ವಂಶಾವಳಿಯ ಹುಚ್ಚು ಅವರಿಗೆ ನಾಯಿಗಷ್ಟೇ ಇರಲಿಲ್ಲ. ತಮ್ಮ ಮನೆತನದ ಹಳೆಯ ಫರ್ಮಾನು, ಸನದುಗಳನ್ನೂ ಜತನ ಮಾಡಿದ್ದರು. ಅವನ್ನೆಲ್ಲ ಸೇರಿಸಿ 1934ರಲ್ಲಿ ದತ್ತೋ ವಿಷ್ಣು ಆಪಟೆಯವರು ಘೋರ್ಪಡೆ ಮನೆತನದ ದೊಡ್ಡ ಇತಿಹಾಸವನ್ನೇ ಮರಾಠಿಯಲ್ಲಿ ಬರೆದರು. ಮೇವಾಡದ ಸಿಸೋದಿಯಾ ರಜಪೂತರ ತನಕ ಅದರಲ್ಲಿ ಬೇರು ಹೋಗುತ್ತದೆ. ಆ ಫರ್ಮಾನುಗಳ ಖರೆ ಸುಳ್ಳಿನ ಬಗ್ಗೆ ಪಂಡಿತರು ಜಗಳಾಡಿದರು. ನಾಯಿಯ ವಂಶದ ಬಗ್ಗೆ ಅಂಥ ಜಗಳ ಏಳಲಿಲ್ಲ. ಓಡಿ ತೋರಿಸಿದರೆ ಮುಗೀತು.

ಮುಧೋಳದಲ್ಲಿ ಎಲ್ಲರ ಬಾಯಲ್ಲಿರುವ ಕತೆ ವಿಲಾಯತಿಯದು. 1910ರಿಂದ 1936ರ ತನಕ ಇಂಗ್ಲೆಂಡಿನ ಗಾದಿಯಲ್ಲಿದ್ದವ ಐದನೇ ಜಾರ್ಜ್. ಮಾಲೋಜಿರಾವ ಆ ದೇಶಕ್ಕೆ ಹೋದಾಗ ಚಕ್ರವರ್ತಿಗೆ ಮುತ್ತು ರತ್ನ ಒಯ್ಯಲಿಲ್ಲ, ಒಂದು ಜೋಡಿ ನಾಯಿಮರಿ ಕಾಣಿಕೆ ಕೊಟ್ಟರು. ಅಲ್ಲಿಂದ ಈ ನಾಯಿಗೆ ಮುಧೋಳ ಹೌಂಡ್ ಅನ್ನುವ ಇಂಗ್ಲಿಷ್ ಹೆಸರು ಅಂಟಿತು ಅಂತ ಹೇಳುತ್ತಾರೆ. ಬೇಡರ ಕೌದಿಯಲ್ಲಿ ಮಲಗುತ್ತಿದ್ದ ನಾಯಿಯ ಮರಿ ಚಕ್ರವರ್ತಿಯ ಅರಮನೆ ಸೇರಿತು. ಆ ಹಿಮದ ದೇಶದಾಗ ಅದಕ್ಕೆ ಕೌದಿ ಹೊದಿಸುವವರು ಯಾರಿದ್ದರೋ!

ಹೆಸರು ಊರಿಗೆ ಬಂತು, ಕೀರ್ತಿ ಅರಸನಿಗೆ ಬಂತು. ಪಟ್ಟಣದ ನಾಯಿ ಪ್ರದರ್ಶನಗಳಲ್ಲಿ ಇದಕ್ಕೆ ಕಾರವಾನ್ ಹೌಂಡ್ ಅಂತ ಇನ್ನೊಂದು ಹೆಸರೂ ಐತಿ. ಅರಬಸ್ಥಾನ, ಮಧ್ಯ ಏಷ್ಯಾದಿಂದ ವ್ಯಾಪಾರಿಗಳ, ಕುದುರೆ ದಂಡಿನವರ ಜೋಡಿ ಬಂದ ನಾಯಿಗಳ ಸಂತಾನ ಇದು ಅನ್ನುವ ನಂಬಿಕೆಯಿಂದ ಬಂದದ್ದು ಆ ಹೆಸರು. ಕಿವಿ, ಬಾಲದ ಮೇಲೆ ರೇಶಿಮೆಯಂಥ ಕೂದಲಿದ್ದರೆ ಪಶ್ಮಿ ಅಂತಾರೆ. ಯಾವ ಹೆಸರಿನಲ್ಲೂ ಬೇಡರ ಸುಳಿವಿಲ್ಲ.

ಅರಸರ ಹೊಗಳಿಕೆಗೆ ಒಂದು ಕಾರಣವಂತೂ ಗಟ್ಟಿ. ಅವರು ನಾಯಿಯನ್ನು ಅರಮನೆಗೆ ತಂದರು, ಆದರೆ ಅದರ ಕೆಲಸ ಬಿಡಿಸಲಿಲ್ಲ. ಮಡಿಲಲ್ಲಿ ಕೂಡಿಸುವ ಆಟಿಗೆ ಸಾಮಾನು ಮಾಡಲಿಲ್ಲ. ಬಯಲಿನಲ್ಲಿ ಓಡಿಸಿ, ಓಟ ನೋಡಿಯೇ ತಳಿ ಮುಂದುವರಿಸಿದರು. ಈಗ ಶಟರಿಗೆ ಕಟ್ಟುವವರು ನೋಡಬೇಕಾದದ್ದು ಇಲ್ಲಿ.

ಈ ನಾಯಿಯ ಮೈಯೇ ಒಂದು ಯಂತ್ರ. ಗಂಡಾದರೆ ಹೆಗಲಿನ ತನಕ 68ರಿಂದ 72 ಸೆಂಟಿಮೀಟರ್ ಎತ್ತರ, ಹೆಣ್ಣು ಸ್ವಲ್ಪ ಕಡಿಮಿ. ಎದೆಗೂಡು ಆಳ, ಒಳಗೆ ದೊಡ್ಡ ಪುಪ್ಪುಸ, ದೊಡ್ಡ ಗುಂಡಿಗೆ. ಸೊಂಟ ಬಿಲ್ಲಿನಂತೆ ಬಾಗಿ ಬಿಚ್ಚುತ್ತದೆ. ತಾಸಿಗೆ 50 ಕಿಲೋಮೀಟರಿನ ಆಸುಪಾಸು ಓಡುತ್ತದೆ ಅಂದರೆ ಹಿಪ್ಪರಗಿ ರಸ್ತೆಯ ಬಸ್ಸು ಎಷ್ಟೋ ದಿನ ಸೋಲುತ್ತದೆ. ಮುಖ್ಯ ಮಾತು, ಇದು ಮೂಗಿನ ನಾಯಿಯಲ್ಲ, ಕಣ್ಣಿನ ನಾಯಿ. ವಾಸನೆ ಹಿಡಿದು ನೆಲ ಮೂಸುತ್ತ ಹೋಗುವುದಲ್ಲ, ದೂರದಾಗ ಏನೋ ಅಲುಗಾಡಿದ್ದು ಕಂಡರೆ ಸಾಕು, ಬಾಣ ಬಿಟ್ಟ ಹಾಗೆ ಹೊರಡುತ್ತದೆ. ಹೊರಟ ಮೇಲೆ ಮಾಲಕ ಕೂಗಿದ್ದು ಅದಕ್ಕೆ ಕೇಳುವುದಿಲ್ಲ. ಕೇಳಿದರೂ ನಿಲ್ಲುವುದಿಲ್ಲ. ಇದು ಮೊಂಡತನವಲ್ಲ. ನೂರಾರು ವರ್ಷ ಮಂದಿ ಅದನ್ನು ಆರಿಸಿದ್ದೇ ಈ ಗುಣಕ್ಕೆ. ಓಡುವುದೇ ಗುಣ ಅಂತ ತಂದು, ಓಡಿತು ಅಂತ ಹೊಡೆದರೆ ನಾಯಿಗೆ ಏನು ತಿಳೀಬೇಕು?

ಹಾಗಂತ ಇದು ಕೆಟ್ಟ ನಾಯಿಯಲ್ಲ. ಮನೆ ಮಂದಿಯ ಮೇಲೆ ಜೀವ ಇಟ್ಟುಕೊಳ್ಳುತ್ತದೆ. ಸುಮ್ಮಸುಮ್ಮನೆ ಬೊಗಳುವುದಿಲ್ಲ. ಹೊರಗಿನವರು ಬಂದು ತಲೆ ಸವರುವುದು ಅದಕ್ಕೆ ಸೇರುವುದಿಲ್ಲ, ದೂರ ಸರಿದು ನಿಲ್ಲುತ್ತದೆ. ಮಕ್ಕಳು ಬಾಲ ಜಗ್ಗದೆ, ಮಲಗಿದಾಗ ಮೈಮೇಲೆ ಬೀಳದೆ ಇದ್ದರೆ ಮಕ್ಕಳ ಜೋಡಿಯೂ ಚಲೋ. ಕಟ್ಟಿಹಾಕಿ, ಬಡಿಗಿ ತೋರಿಸಿ, ಬಂದವರ ಮೇಲೆ ಛೂ ಬಿಟ್ಟು ಕಚ್ಚುವುದನ್ನು ಕಲಿಸುವವರು ಮನುಷ್ಯರು. ಆಮೇಲೆ ಜಾತಿ ಕೆಟ್ಟದ್ದು ಅಂತ ಹೆಸರಿಡುವವರೂ ಅವರೇ.

ಮಾಲೋಜಿರಾವ 1937ರಲ್ಲಿ ತೀರಿಕೊಂಡರು. ಗಾದಿ ಎಳೆ ಹುಡುಗ ಭೈರವಸಿಂಗರಿಗೆ ಬಂತು. ಅಲ್ಲಿಂದ ಹತ್ತು ವರ್ಷಕ್ಕೆ ಸ್ವಾತಂತ್ರ್ಯ. 1948ರ ಮಾರ್ಚ್ 8ಕ್ಕೆ ದಕ್ಖಣದ ಉಳಿದ ಸಂಸ್ಥಾನಗಳ ಜೋಡಿ ಮುಧೋಳವೂ ಮುಂಬಯಿ ಪ್ರಾಂತದಲ್ಲಿ ಕರಗಿತು. 1956ರಲ್ಲಿ ವಿಜಾಪುರ ಜಿಲ್ಲೆಯ ಜೋಡಿ ಮೈಸೂರು ರಾಜ್ಯಕ್ಕೆ ಬಂತು. 1971ರಲ್ಲಿ ದೇಶದ ಮಾಜಿ ಅರಸರಿಗೆಲ್ಲ ಬರುತ್ತಿದ್ದ ರಾಜಧನವೂ ನಿಂತಿತು. ಮರುವರ್ಷ, 1972ರಲ್ಲಿ, ವನ್ಯಜೀವಿ ಕಾಯ್ದೆ ಬಂತು. ಚಿಗರಿ ಹೊಡೆದರೆ ಜೈಲು ಅಂತಾಯಿತು. ಈಗ ಮೊಲಕ್ಕೂ ಆ ಕಾಯ್ದೆಯ ಕಾವಲು ಐತಿ, ನಾಯಿ ಬಿಟ್ಟು ಹಿಡಿಸಿದರೂ ಗುನ್ಹೆಯೇ. ಅಂದರೆ ಅರಸರ ಪಗಾರ ನಿಂತ ಬೆನ್ನಿಗೇ ಅವರ ನಾಯಿಯ ಕೆಲಸವೂ ಹೋಯಿತು. ಅರಸರ ಮಕ್ಕಳು ಬೇರೆ ಉದ್ಯೋಗ ನೋಡಿಕೊಂಡರು. ನಾಯಿಗೆ ಬೇರೆ ಉದ್ಯೋಗ ಗೊತ್ತಿರಲಿಲ್ಲ.

ಅರಮನೆ ಬಾಗಿಲು ಹಾಕಿದ ಮೇಲೂ ತಳಿ ಉಳಿದದ್ದು ಎಲ್ಲಿ? ಎಲ್ಲಿಂದ ಬಂದಿತ್ತೋ ಅಲ್ಲಿ. ಮುಧೋಳ, ಲೋಕಾಪುರ ಸುತ್ತಲಿನ ಹಳ್ಳಿಗಳ ನೂರಾರು ಮನೆಗಳಲ್ಲಿ, ಅದೇ ಜೋಳದ ನುಚ್ಚಿನ ಮೇಲೆ. ಈ ನಾಯಿಯ ಚರಿತ್ರೆ ಬರೆಯುವವರು ಅರಸರಿಗೆ ಒಂದು ಅಧ್ಯಾಯ ಕೊಟ್ಟರೆ ಈ ಮನೆಗಳ ಹೆಣ್ಣುಮಕ್ಕಳಿಗೆ ಎರಡು ಕೊಡಬೇಕು. ಮರಿಗೆ ಹಾಲು ಕುಡಿಸಿ, ಜಂತುಳ ತೆಗೆದು, ರಾತ್ರಿ ಎದ್ದು ನೋಡಿದವರು ಅವರು.

ಸರಕಾರದ ಕಣ್ಣು ತೆರೆದದ್ದು ತಡವಾಗಿ. 2005ರ ಜನವರಿ 9ರಂದು ಅಂಚೆ ಇಲಾಖೆ ಐದು ರೂಪಾಯಿಯ ಚೀಟಿಯ ಮೇಲೆ ಈ ನಾಯಿಯ ಚಿತ್ರ ಹಾಕಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಬಂತು. 2016ರಲ್ಲಿ ಅಲ್ಲಿಯ ಆರು ಮರಿಗಳು ಮೀರತ್ತಿನ ಸೈನ್ಯದ ಕೇಂದ್ರಕ್ಕೆ ತರಬೇತಿಗೆ ಹೋದವು. ದೇಶಿ ನಾಯಿಗೆ ಸೈನ್ಯದಾಗ ಸ್ಥಾನ ಅಂದರೆ ಸಣ್ಣ ಮಾತಲ್ಲ. 2020ರ ಆಗಸ್ಟಿನಲ್ಲಿ ಪ್ರಧಾನಿಯ ರೇಡಿಯೋ ಭಾಷಣದಲ್ಲಿ ಹೆಸರು ಬಂದ ಮೇಲಂತೂ ಮರಿಗೆ ಗಿರಾಕಿಗಳ ಸಾಲು ಹೆಚ್ಚಿತು. ಬೆಂಗಳೂರು, ಪುಣೆಯ ಮೂರನೇ ಮಾಳಿಗಿಗೂ ಹೋಯಿತು, ಕಿರಾಣಿ ಅಂಗಡಿಗೂ ಬಂತು. ಬೇಡಿಕೆ ಬಂದಲ್ಲಿ ಮೋಸವೂ ಬರುತ್ತದೆ. ಉದ್ದ ಮೂತಿ ಇದ್ದದ್ದನ್ನೆಲ್ಲ ಮುಧೋಳ ಅಂತ ಮಾರುವವರು ಹುಟ್ಟಿಕೊಂಡರು. ತಾಯಿ ನಾಯಿ ತೋರಿಸದ ಮನೆಯಲ್ಲಿ ಮರಿ ಕೊಳ್ಳಬಾರದು.

ಹೂವಿನ ಹಿಪ್ಪರಗಿ ಸೀಮೆಗೆ ಒಂದು ಅನುಕೂಲ ಐತಿ, ಮುಧೋಳಕ್ಕೇ ಅದು ಕಡಿಮಿಯಾಗಿದೆ. ಘಟಪ್ರಭೆಯ ನೀರು ಹರಿದು ಮುಧೋಳ ಸುತ್ತ ಕಬ್ಬು ನಿಂತಿತು. ಕಬ್ಬಿನಾಗ ನಾಯಿ ಓಡಲಾರದು. ಈ ಕಡೆ ಬಿಳಿಜೋಳ ಕೊಯ್ದ ಮೇಲೆ, ಫೆಬ್ರುವರಿ ಮಾರ್ಚಿನಿಂದ ಮಳೆಯ ತನಕ, ಕಣ್ಣು ಹಾಯುವಷ್ಟು ದೂರ ಬರೀ ನೆಲ. ಆದರೆ ಎರಿ ನೆಲದ ಗುಣ ಗೊತ್ತಿರಬೇಕು. ಬೇಸಿಗೆಯಲ್ಲಿ ಅದು ಬಾಯಿ ಬಿಡುತ್ತದೆ, ಬಿರುಕಿನಲ್ಲಿ ಮನುಷ್ಯನ ಕಾಲೇ ಇಳಿಯುತ್ತದೆ. ಓಡುವ ಭರದಾಗ ನಾಯಿಯ ಕಾಲು ಸಿಕ್ಕರೆ ಕಡ್ಡಿ ಮುರಿದ ಹಾಗೆ. ಕಟ್ಟೆಯಿಲ್ಲದ ಬಾವಿಗಳೂ ಅದಕ್ಕೆ ಗಂಡಾಂತರವೇ. ಗುರುತಿನ ಹೊಲ, ಗುರುತಿನ ದಾರಿ ನೋಡಿಟ್ಟುಕೊಂಡು ಬಿಡಬೇಕು. ಡಾಂಬರು ರಸ್ತೆಯ ಹತ್ತಿರ ಬಿಡಲೇಬಾರದು, ಅದಕ್ಕೆ ಟ್ರಕ್ಕು ಕಾಣುವುದಿಲ್ಲ, ಟ್ರಕ್ಕಿನಾಚೆಯ ಆಡು ಕಾಣುತ್ತದೆ. ಕುರಿ ಹಿಂಡು ಬಂದ ದಿನ ಹಗ್ಗ ಬಿಚ್ಚಬಾರದು.

ಉಂಡ ತಕ್ಷಣ ಓಡಿಸುವುದು ಇನ್ನೊಂದು ತಪ್ಪು. ಆಳ ಎದೆಯ ನಾಯಿಗಳಿಗೆ ತುಂಬಿದ ಹೊಟ್ಟೆ ತಿರುಚಿಕೊಂಡು ತಾಸಿನೊಳಗೆ ಪ್ರಾಣ ಹೋಗುವ ಭಯ ಇರುತ್ತದೆ. ಮೊದಲು ಓಟ, ಆಮೇಲೆ ದಮ್ಮು ಆರುವ ತನಕ ನೆರಳು, ಆಮೇಲೆ ಕೂಳು. ಹುಚ್ಚುನಾಯಿ ರೋಗದ ಸೂಜಿ ವರ್ಷ ತಪ್ಪಿಸಬಾರದು. ದನದ ದವಾಖಾನಿಯಲ್ಲಿ ಆಪರೇಶನ್ ಮಾಡಿಸುವ ಪ್ರಸಂಗ ಬಂದರೆ ಇದು ಕೊಬ್ಬಿಲ್ಲದ ತಳಿ ಅಂತ ಡಾಕ್ಟರಿಗೆ ನೆನಪು ಮಾಡಿಕೊಡುವುದು ಒಳ್ಳೇದು. ಮೈಯಲ್ಲಿ ಕೊಬ್ಬು ಕಡಿಮಿ ಇದ್ದ ಇಂಥ ನಾಯಿಗಳಿಗೆ ಮಂಪರಿನ ಔಷಧಿ ಹಿಡಿತದಲ್ಲಿ ಕೊಡಬೇಕಾಗುತ್ತದೆ.

ಇಷ್ಟೆಲ್ಲ ಯಾರು ಮಾಡ್ತಾರ ಅನ್ನುವವರು ಮರಿ ತರದೆ ಇರುವುದೇ ನಾಯಿಗೆ ಮಾಡುವ ಉಪಕಾರ. ಮಾಡುವವರೂ ಇದ್ದಾರೆ. ಬೆಳಕು ಹರಿಯುವ ಮೊದಲು ಎದ್ದು, ಸೈಕಲ್ಲಿನ ಮೇಲೋ ನಡೆದೋ ಊರ ಹೊರಗೆ ಕರಕೊಂಡು ಹೋಗಿ, ಅರ್ಧ ತಾಸು ಬಯಲಿಗೆ ಬಿಟ್ಟು ಬರುತ್ತಾರೆ. ಓಡಿ ಬಂದ ನಾಯಿ ಮತ್ತು ಕಟ್ಟಿಹಾಕಿದ ನಾಯಿ ಒಂದೇ ತಾಯಿಯ ಮಕ್ಕಳಾದರೂ ಗುರುತು ಸಿಗುವುದಿಲ್ಲ. ಓಡಿ ಬಂದದ್ದು ನೀರು ಕುಡಿದು, ರೊಟ್ಟಿ ತಿಂದು, ಅಂಗಡಿಯೊಳಗೆ ತಕ್ಕಡಿಯ ಪಕ್ಕ ಗೋಣಿಚೀಲದ ಮೇಲೆ ಕಾಲು ಚಾಚಿ ಮಲಗಿತೆಂದರೆ ಸಂಜಿ ತನಕ ಏಳುವುದಿಲ್ಲ. ಸಕ್ಕರೆ ಒಯ್ಯುವ ಗಿರಾಕಿ ಅದನ್ನು ದಾಟಿಕೊಂಡು ಹೋಗಬೇಕು.